ದಲ್ಲಾಳಿಯ ಫೋನು ಕೆಳಗಿಳಿದದ್ದು

ಇನ್ನೊಬ್ಬರ ಮನೆಯ ಸುದ್ದಿ ಹುಡುಕಿಕೊಂಡು ಹೋಗುವ ಚಟ ನನಗಿಲ್ಲ. ಪುತ್ತೂರು ಬಸ್‌ಸ್ಟ್ಯಾಂಡಿನ ಹತ್ತಿರ ಮಲ್ಲಿಗೆ ಚೆಂಡು ಮಾರಿಕೊಂಡು ಕೂತವಳು ನಾನು. ನನ್ನ ಬುಟ್ಟಿಯಿಂದ ಎರಡು ಹೆಜ್ಜೆ ಆಚೆಗೆ ಮೊಬೈಲು ರಿಪೇರಿ ಅಂಗಡಿ ಉಂಟು, ಎದುರಿಗೆ ಚರುಮುರಿ ಗಾಡಿ ಉಂಟು. ಜನ ತಮ್ಮ ಮನೆಯ ಮಾನವನ್ನೆಲ್ಲ ಫೋನಿಗೆ ತುಂಬಿಸಿಕೊಂಡು ಬಂದು, ಇದು ಹಾಳಾಗಿದೆ, ತೆರೆದು ನೋಡಿ ಎಂದು ಗಟ್ಟಿಯಾಗಿ ಹೇಳುತ್ತಾರೆ. ದಿನಕ್ಕೊಂದಾದರೂ ಹೀಗೆ ಆಗುತ್ತದೆ. ಕಿವಿ ಮುಚ್ಚಿಕೊಳ್ಳಲು ನನಗೆ ಕೈ ಖಾಲಿ ಇರುವುದಿಲ್ಲ. ಹೂ ಕಟ್ಟಬೇಕಲ್ಲ.

ಈ ಮಳೆಗಾಲದಲ್ಲಿ ಸಿಕ್ಕಿದ್ದು ಮದುವೆ ದಲ್ಲಾಳಿಯ ಫೋನು.

೧. ಉಪ್ಪು ನೋಡಿದ್ದು

ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕಿನಲ್ಲಿ ಓಡಾಡಿ ಹುಡುಗ ಹುಡುಗಿ ಕೂಡಿಸುವವರು ಈ ದಲ್ಲಾಳಿ. ಮೊದಲು ಅವರ ಹತ್ತಿರ ಉದ್ದದ ಪುಸ್ತಕಗಳಿದ್ದವು. ಪ್ರತಿ ಪುಟದ ನಡುವೆ ಒಂದು ಗೆರೆ. ಎಡಬದಿಯಲ್ಲಿ ಹೆಸರು, ಇದ್ದ ಪ್ರಾಯ, ಇದ್ದ ಕೆಲಸ. ಬಲಬದಿಯಲ್ಲಿ ಹೇಳುವ ಪ್ರಾಯ, ಹೇಳುವ ಕೆಲಸ. ನನಗೆ ಹೇಗೆ ಗೊತ್ತು ಎಂದು ಈಗ ಕೇಳಬೇಡಿ. ದೊಡ್ಡ ಫೋನು ಬಂದ ಮೇಲೆ ಎಲ್ಲವನ್ನೂ ಅದರಲ್ಲಿ ಟೈಪು ಮಾಡಿ, ಪುಸ್ತಕಗಳನ್ನು ಚರುಮುರಿಯವನಿಗೆ ಪೊಟ್ಟಣ ಕಟ್ಟಲು ಕೊಟ್ಟರು.

ಒಂದು ದಿನ ಅಂಗಡಿಗೆ ಬಂದು ಫೋನನ್ನು ಹಸುಗೂಸಿನ ಹಾಗೆ ಎತ್ತಿ ತೋರಿಸಿದರು. ಕಂಪೆನಿಯ ಹೊಸ ಸಿಸ್ಟಮು ಊರಿಗೆಲ್ಲ ಬರಲು ಇನ್ನೂ ಎಷ್ಟೋ ತಿಂಗಳು ಉಂಟಂತೆ, ಇವರಿಗೆ ಮಾತ್ರ ಈಗಲೇ ಬಂದಿದೆಯಂತೆ. ತಾವೇ ಹೆಸರು ಕೊಟ್ಟು ತರಿಸಿಕೊಂಡದ್ದು.

ಅಂಗಡಿಯ ಸಾಹೇಬರು ಹತ್ತು ವರ್ಷ ಗಲ್ಫಿನಲ್ಲಿ ಫೋನು ಬಿಚ್ಚಿ ಬಂದವರು. ಸುಲಭಕ್ಕೆ ಮುಖ ಅರಳಿಸುವವರಲ್ಲ.

"ಇದು ಬೀಟಾ ಮಾರಾಯ್ರೆ" ಅಂದರು. "ಇನ್ನೂ ಮಾಡ್ತಾ ಇರುದು. ಸರಿ ಉಂಟಾ ಅಂತ ನೋಡ್ಲಿಕ್ಕೆ ಕೆಲವರಿಗೆ ಮೊದಲು ಕೊಡುದು. ಎಲ್ಲ ಪರೀಕ್ಷೆ ಆಗಿ ಕಡೆಗೆ ಬರುದು ಸ್ಟೇಬಲ್. ಅದು ಅಲುಗಾಡುದಿಲ್ಲ."

"ಅಡುಗೆ ಭಟ್ಟರು ಸಾಂಬಾರಿನ ಉಪ್ಪು ನೋಡ್ಲಿಕ್ಕೆ ಅಂಗೈಗೆ ನಾಲ್ಕು ಹನಿ ಹಾಕ್ತಾರಲ್ಲ, ಹಾಗೆಯಾ?" ಎಂದು ನಾನು ಕೇಳಿದೆ.

"ಹಾಗೆಯೇ ಅಕ್ಕ. ಇವರು ಮಾತ್ರ ಎಲೆ ಹಾಕಿ ಕೂತು ಇಡೀ ಊಟ ಮಾಡಿದ್ದಾರೆ."

೨. ಕಡಬದ ಬಸ್ಸು

ಊಟ ಜೀರ್ಣ ಆಗಲಿಲ್ಲ. ಮೊದಲ ವಾರದಲ್ಲೇ ಫೋನಿನ ಸ್ಪೀಕರು ತನ್ನಷ್ಟಕ್ಕೆ ಆನ್ ಆಗಲು ಶುರುವಾಯಿತು. ಕಿವಿಗೆ ಹಿಡಿದು ಗುಟ್ಟು ಮಾತಾಡಿದರೆ ಊರಿಡೀ ಕೇಳುತ್ತದೆ.

ದಲ್ಲಾಳಿ ಕಡಬಕ್ಕೆ ಹೋಗುವ ಬಸ್ಸಿನಲ್ಲಿ ಕೂತು, ಅಲ್ಲಿಯ ಒಬ್ಬ ಹುಡುಗನ ಗುಣನಡತೆ ವಿಚಾರಿಸಲು ಅವನ ನೆರೆಮನೆಗೆ ಫೋನು ಮಾಡಿದರು. ಮದುವೆ ಎಂದ ಮೇಲೆ ನೆರೆಮನೆಯಲ್ಲಿ ಕೇಳುವುದು ಇಲ್ಲಿಯ ಕ್ರಮ. ಆಚೆಯಿಂದ ಬಸ್ಸಿಡೀ ಕೇಳುವ ಹಾಗೆ ಉತ್ತರ ಬಂತು: "ಹುಡುಗ ಚಿನ್ನದಂಥವ. ಆದ್ರೆ ಸಂಜೆ ಆರು ಗಂಟೆ ಆದ ಮೇಲೆ ಅವನ ಹತ್ರ ಎಂತದೂ ಮಾತಾಡ್ಲಿಕ್ಕೆ ಹೋಗ್ಬೇಡಿ. ಅವನಿಗೆ ನಿಲ್ಲಲಿಕ್ಕೆ ಗೋಡೆ ಬೇಕು."

ಎದುರಿನ ಸೀಟಿನಲ್ಲಿದ್ದ ಒಬ್ಬರು ನಿಧಾನಕ್ಕೆ ಹಿಂದೆ ತಿರುಗಿದರು. ಹುಡುಗನ ಸೋದರಮಾವ. ದಲ್ಲಾಳಿಗೆ ಬಸ್ಸಿನ ಕಿಟಕಿಯಿಂದ ಹಾರುವಷ್ಟು ಹೆದರಿಕೆಯಾಯಿತಂತೆ.

ಮಾವ ಹೇಳಿದರು: "ಆರಲ್ಲ ಮಾರಾಯ್ರೆ, ಐದೂವರೆ. ಸರಿಯಾಗಿ ಗೊತ್ತಿಲ್ಲದೆ ಜನ ಯಾಕೆ ಮಾತಾಡುದು."

೩. ಬೆಳ್ಳಗಿನ ಹುಡುಗಿ

ಹೀಗೆ ಒಂದೊಂದಾಗಿ ಸಂಬಂಧಗಳು ತಪ್ಪಿದವು. ಕಡೆಗೆ ಕೈಯಲ್ಲಿ ಉಳಿದದ್ದು ಒಂದೇ. ಹುಡುಗ ಕಡಬದವನೇ, ಬಸ್ಸಿನ ಸುದ್ದಿಯವನಲ್ಲ, ಬೇರೆ; ಹುಡುಗಿ ಸುಳ್ಯದ ಹತ್ತಿರದ ಆಲೆಟ್ಟಿಯವಳು. ಇದೂ ಹೋದರೆ, ಸುಳ್ಯದಲ್ಲಿ ಹೊಸತಾಗಿ ಎದ್ದ ಇನ್ನೊಬ್ಬ ದಲ್ಲಾಳಿಯೇ ಮೂರೂ ತಾಲೂಕನ್ನು ನುಂಗುವವ. ನಮ್ಮವರಿಗೆ ಮತ್ತೆ ಯಾರೂ ಚಹಾ ಸಹ ಕೊಡುವವರಿಲ್ಲ.

ಹುಡುಗನ ತಾಯಿ ಒಂದು ದಿನ ನನ್ನ ಹತ್ತಿರ ಹೂ ಕೊಳ್ಳಲು ನಿಂತಿದ್ದರು. ದಲ್ಲಾಳಿ ಓಡಿ ಬಂದು ಹುಡುಗಿಯ ಫೋಟೋ ತೋರಿಸುತ್ತೇನೆ ಎಂದು ಫೋನು ಒತ್ತಿದರು. ಫೋಟೋ ತೆರೆಯುವಷ್ಟರಲ್ಲಿ ಫೋನು ಬಂದ್ ಆಗಿ, ಮತ್ತೆ ತಾನಾಗಿ ಆನ್ ಆಗಿ, ಬರೀ ಬಿಳಿ ಪರದೆ ತೋರಿಸಿ ನಿಂತಿತು. ತಾಯಿಯವರ ಕನ್ನಡಕ ಮನೆಯಲ್ಲಿ ಬಾಕಿ. ಫೋನನ್ನು ಕಣ್ಣ ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು.

"ಹುಡುಗಿ ಬೆಳ್ಳಗೆ ಇದ್ದಾಳೆ" ಅಂದರು. "ಮೂಗು ಮಾತ್ರ ಎಷ್ಟು ನೋಡಿದ್ರೂ ಕಾಣುದಿಲ್ಲ. ಇರ್ಲಿ, ಭಾನುವಾರ ಆಲೆಟ್ಟಿಗೇ ಹೋಗಿ ನೋಡುವ."

೪. ಮೂವರು ತಾಯಂದಿರು

ಭಾನುವಾರಕ್ಕೆ ಮೊದಲು ಫೋನು ಸರಿ ಆಗಲೇಬೇಕು. ದಲ್ಲಾಳಿ ಅಂಗಡಿಯ ಮೇಜಿನ ಮೇಲೆ ಫೋನು ಇಟ್ಟು, "ಇದನ್ನು ಹಳೇ ಸಿಸ್ಟಮಿಗೆ, ಆ ಸ್ಟೇಬಲಿಗೆ, ಇಳಿಸಿ ಸಾಹೇಬರೆ" ಎಂದರು.

"ಇಳಿಸ್ಬಹುದು. ಆದ್ರೆ ಇದು ಮನೆ ಖಾಲಿ ಮಾಡಿ ಇಳಿಯುದು. ಹತ್ತುವಾಗ ಸಾಮಾನು ಸಮೇತ ಹತ್ತಿದ್ದೀರಿ, ಇಳಿಯುವಾಗ ಬರಿಗೈ."

"ಎಲ್ಲ ಒಂದು ಕಡೆ ಕಟ್ಟಿಟ್ಟು, ಆಮೇಲೆ ಒಳಗೆ ಹಾಕ್ಲಿಕ್ಕೆ ಆಗುದಿಲ್ವಾ?"

"ಮೇಲಿನದ್ದರಲ್ಲಿ ಕಟ್ಟಿದ ಗಂಟು ಕೆಳಗಿನದ್ದರಲ್ಲಿ ಬಿಚ್ಚುದಿಲ್ಲ. ನಂಬ್ರ, ಫೋಟೋ ಎಲ್ಲ ಬೇರೆ ತೆಗೆದಿಡ್ತೇನೆ, ಅದು ಬರ್ತದೆ. ನೀವು ಟೈಪು ಮಾಡಿಟ್ಟದ್ದು ಉಂಟಲ್ಲ, ಆ ಪುಸ್ತಕದ್ದು, ಅದು ತೆರೆದ ಕೂಡಲೇ ಮುಚ್ಚುತ್ತದೆ. ಅದನ್ನು ತೆಗೀಲಿಕ್ಕೆ ಆಗುದಿಲ್ಲ."

ದಲ್ಲಾಳಿಯ ಮುಖ ಬಾಡಿದ ವೀಳ್ಯದೆಲೆಯ ಹಾಗಾಯಿತು. ಯಾರ ಮಗಳಿಗೆ ಎಷ್ಟು ಪ್ರಾಯ, ಯಾರ ಮನೆಗೆ ಎಷ್ಟು ಹೇಳಿದ್ದು, ಯಾರ ನಿಶ್ಚಿತಾರ್ಥ ಯಾಕೆ ಮುರಿದದ್ದು, ಎಲ್ಲ ಅದರಲ್ಲೇ.

"ಅದು ಮತ್ತೆ ಎಲ್ಲಿಗೆ ಹೋಗುದು?"

"ಎಲ್ಲಿಗೂ ಇಲ್ಲ. ಅಳಿಸಿ ಹೋಗುದು. ಇನ್ನು ಯಾರಿಗೂ ಸಿಕ್ಕುದಿಲ್ಲ."

ದಲ್ಲಾಳಿ ಒಂದು ದಿನ ಯೋಚನೆ ಮಾಡುತ್ತೇನೆ ಎನ್ನುವವರಿದ್ದರು. ಅಷ್ಟರಲ್ಲಿ ಅವರ ಹಿಂದೆ ನಿಂತಿದ್ದ ಮೂವರು ಹೆಂಗಸರು, ಮೂವರಿಗೂ ಮದುವೆಗೆ ಬಂದ ಮಕ್ಕಳು, ಒಂದೇ ಸ್ವರದಲ್ಲಿ ಹೇಳಿದರು: "ಒತ್ತಿ ಸಾಹೇಬರೆ."

೫. ಎಡಬದಿ

ಸಾಹೇಬರು ಒತ್ತಿದರು. ಫೋನು ಹೊಸ ಸೊಸೆಯ ಹಾಗೆ ಸದ್ದಿಲ್ಲದೆ ಕೆಲಸ ಮಾಡತೊಡಗಿತು. ದಲ್ಲಾಳಿ ಆಲೆಟ್ಟಿಗೆ ಫೋನು ಮಾಡಿದರೆ ಮಾತು ಗಂಟೆ ಹೊಡೆದ ಹಾಗೆ ಸ್ಪಷ್ಟ. ಆ ಸ್ಪಷ್ಟ ಫೋನಿನಲ್ಲಿ ಹುಡುಗಿಯ ಅಪ್ಪ ಕೇಳಿದರು: "ಹುಡುಗನ ಪ್ರಾಯ ನೀವು ಎಷ್ಟು ಹೇಳಿದ್ದು?"

ಎಷ್ಟು ಹೇಳಿದ್ದು ಎಂದು ಇವರಿಗೇ ನೆನಪಿಲ್ಲ. ಒಂದೊಂದು ಮನೆಗೆ ಒಂದೊಂದು ಹೇಳಿದವರು. ರೇಂಜ್ ಇಲ್ಲ ಎಂದು ಇಟ್ಟುಬಿಟ್ಟು, ನನ್ನ ಬುಟ್ಟಿಯ ಹತ್ತಿರ ಬಂದು ಕೂತರು. ಮಲ್ಲಿಗೆಯ ಒಂದೊಂದೇ ಮೊಗ್ಗು ಎತ್ತಿ ಹಿಸುಕುತ್ತಿದ್ದರು. ಮೊಗ್ಗು ಹಾಳಾಗುವುದನ್ನು ನೋಡಲಾಗದೆ, ನಾಳೆ ಬೆಳಿಗ್ಗೆ ಬನ್ನಿ ಎಂದೆ.

ಬೆಳಿಗ್ಗೆ ಬಿಸ್ಕೂಟಿನ ತಗಡಿನ ಡಬ್ಬಿ ತಂದು ಎದುರಿಗಿಟ್ಟೆ. ಮುಚ್ಚಳ ತೆಗೆದ ಕೂಡಲೇ ನೀರುಳ್ಳಿ, ತೆಂಗಿನೆಣ್ಣೆಯ ವಾಸನೆ. ಒಳಗೆ ಅಡ್ಡಡ್ಡ ಮಡಚಿದ ಕಾಗದಗಳ ಕಟ್ಟು. ಚರುಮುರಿಯವ ಪ್ರತಿ ಪುಟವನ್ನು ನಡುಗೆರೆಯಲ್ಲಿ ಸರಿಯಾಗಿ ಎರಡು ಮಾಡಿ ಪೊಟ್ಟಣ ಕಟ್ಟುವುದು. ನಾನು ಕಲಿತದ್ದು ಮೂರನೇ ಕ್ಲಾಸು, ಓದುವುದು ನಿಧಾನ. ಹಾಗಾಗಿ ತಿಂದು ಬಿಸಾಡದೆ ಮನೆಗೆ ತೆಗೆದುಕೊಂಡು ಹೋಗುತ್ತಿದ್ದೆ.

ದಲ್ಲಾಳಿ ತಮ್ಮ ಅಕ್ಷರ ನೋಡಿ ಕಣ್ಣೊರೆಸಿಕೊಂಡರು. ಒಂದೊಂದಾಗಿ ಮಗುಚಿದರು. ಆಮೇಲೆ ಕೈ ನಿಂತಿತು.

"ಅಕ್ಕ, ಎಲ್ಲ ಎಡಬದಿಯೇ ಉಂಟಲ್ಲ? ಹೇಳುವ ಪ್ರಾಯದ್ದು ಒಂದೂ ಇಲ್ಲ."

"ಎಡದ್ದರಲ್ಲಿ ಕಟ್ಟಿ ಕೊಡು ಅಂತ ಹೇಳಿಯೇ ತಿಂದದ್ದು. ಬಲಬದಿಯದ್ದನ್ನು ನೀವೇ ಊರಿಡೀ ಹೇಳಿ ಬಂದಿದ್ದೀರಿ. ಅದಕ್ಕೆ ನಾನು ಯಾಕೆ ಖಾರ ತಿನ್ನುದು?"

೬. ಆಲೆಟ್ಟಿಯ ಭಾನುವಾರ

ಹುಡುಗಿಯ ಮುಡಿಗೆ ಹೂ ಬೇಕಲ್ಲ ಎಂಬ ನೆಪದಲ್ಲಿ ಹುಡುಗ, ಅವನ ತಾಯಿ, ದಲ್ಲಾಳಿಯ ಜೊತೆ ನಾನೂ ಹೋದೆ. ಅವಲಕ್ಕಿ, ಚಹಾ ಆಯಿತು. ಹುಡುಗಿಯ ಅಪ್ಪ ಮೊನ್ನೆಯ ಪ್ರಶ್ನೆಯನ್ನೇ ಮತ್ತೆ ಎತ್ತಿದರು. ದಲ್ಲಾಳಿ ಫೋನು ತೆಗೆದರು. ನನ್ನ ಡಬ್ಬಿಯಿಂದ ಹೊಸತಾಗಿ ಟೈಪು ಮಾಡಿದ್ದು ಅದರಲ್ಲಿ ಇತ್ತು, ಇದ್ದದ್ದು ಮಾತ್ರ ಇತ್ತು. ಬೇರೆ ದಾರಿ ಇಲ್ಲದೆ ಓದಿದರು: "ನಲ್ವತ್ತೊಂದು. ಸ್ವಂತ ವರ್ಕ್‌ಶಾಪು ಅಲ್ಲ, ವರ್ಕ್‌ಶಾಪಿನಲ್ಲಿ ಕೆಲಸ."

ಹುಡುಗಿಯ ಅಪ್ಪ ಕೈಯಲ್ಲಿದ್ದ ಖಾಲಿ ಲೋಟ ಕೆಳಗಿಟ್ಟರು. ದಲ್ಲಾಳಿ ಬಾಗಿಲ ಕಡೆ ನೋಡಿದ್ದು ಚಪ್ಪಲಿ ಎಲ್ಲಿ ಬಿಟ್ಟದ್ದು ಎಂದು ತಿಳಿಯಲಿಕ್ಕೆ.

ಆಗ ಹುಡುಗಿ ಒಳಗಿನಿಂದಲೇ ಹೇಳಿದಳು: "ಒಳ್ಳೇದಾಯ್ತು. ಅವರಿಗೆ ಮೂವತ್ತಮೂರು ಅಂತ ಹೇಳಿದ ಕಾರಣ ನಾನು ಎರಡು ವಾರದಿಂದ ಇಪ್ಪತ್ತೆಂಟರವಳ ಹಾಗೆ ನಡ್ಕೊಂಡು ಸೊಂಟ ನೋವು. ನನಗೆ ಮೂವತ್ತೆಂಟು."

ಹುಡುಗ ಆ ದಿನ ಮೊದಲ ಸಲ ತಲೆ ಎತ್ತಿದ. ಅವನ ತಾಯಿ ಈ ಸಲ ಮರೆಯದೆ ತಂದಿದ್ದ ಕನ್ನಡಕ ಹಾಕಿಕೊಂಡು, ಹೊರಗೆ ಬಂದ ಹುಡುಗಿಯನ್ನು ಚೆನ್ನಾಗಿ ನೋಡಿದರು.

"ಮೂಗು ಉಂಟು" ಅಂದರು. "ನಮಗೆ ಒಪ್ಪಿಗೆ."

ವಾಪಸು ಬರುವಾಗ ಬಸ್ಸಿನಲ್ಲಿ ದಲ್ಲಾಳಿ ನನ್ನ ಪಕ್ಕದಲ್ಲೇ ಕೂತರು. ಸತ್ಯ ಹೇಳಿಯೂ ಸಂಬಂಧ ಕೂಡಿದ್ದನ್ನು ಅವರಿಗೆ ನಂಬಲಾಗುತ್ತಿರಲಿಲ್ಲ. ಇನ್ನು ಹೀಗೆಯೇ, ಎಡಬದಿ ಮಾತ್ರ, ಎಂದು ನಾಲ್ಕು ಸಲ ಹೇಳಿದರು. ಆಮೇಲೆ ಏನೋ ನೆನಪಾಗಿ ಫೋನು ತೆಗೆದರು.

"ಅಕ್ಕ, ನಿಮ್ಮ ತಮ್ಮನ ಮಗನದ್ದೊಂದು ಕಾಗದ ಡಬ್ಬಿಯಲ್ಲಿ ಸಿಕ್ಕಲಿಲ್ಲ."

"ಅದು ಎಣ್ಣೆ ತಾಗಿ ಹಾಳಾಯ್ತು. ಬಾಯಲ್ಲೇ ಹೇಳ್ತೇನೆ, ಬರ್ಕೊಳ್ಳಿ. ಪ್ರಾಯ ಮೂವತ್ತೆರಡು. ಬ್ಯಾಂಕಿನಲ್ಲಿ ಕೆಲಸ."

"ಮೊದಲು ನಲ್ವತ್ತು ಅಂತ ಇದ್ದ ಹಾಗೆ ನೆನಪು. ಕೆಲಸ ಬ್ಯಾಂಕಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ."

"ಅದು ನಿಮ್ಮ ಬೀಟಾದಲ್ಲಿ ಇದ್ದದ್ದು ಮಾರಾಯ್ರೆ. ಇದು ಸ್ಟೇಬಲ್."

ದಲ್ಲಾಳಿ ನನ್ನ ಮುಖ ನೋಡಿದರು. ಕಿಟಕಿಯ ಹೊರಗೆ ನೋಡಿದರು. ಆಮೇಲೆ ಟೈಪು ಮಾಡಿಕೊಂಡರು. ಫೋನು ಒಮ್ಮೆಯೂ ಬಂದ್ ಆಗಲಿಲ್ಲ.