ಅಕ್ಕನ ದುಂಡು ಮೇಜು, ನನ್ನ ಮೂವತ್ತೆರಡು ಮನೆ

ನಮ್ಮ ಅಕ್ಕನ ಎದುರು ಯಾರೂ ಎರಡು ನಿಮಿಷಕ್ಕಿಂತ ಹೆಚ್ಚು ಮಾತಾಡುವ ಹಾಗಿಲ್ಲ. ಮಾತೇ ಆಡದೆ ತಪ್ಪಿಸಿಕೊಳ್ಳುವ ಹಾಗೂ ಇಲ್ಲ! ಅವಳ ಕೈಗೆ ಸಿಕ್ಕರೆ ಮೂಗನೂ ಎರಡು ನಿಮಿಷ ಭಾಷಣ ಮಾಡಬೇಕು, ಮಂತ್ರಿಯೂ ಎರಡೇ ನಿಮಿಷಕ್ಕೆ ಬಾಯಿ ಮುಚ್ಚಬೇಕು.

ಅಕ್ಕ ಮೈಸೂರಿನಲ್ಲಿ ಸಂಖ್ಯಾಶಾಸ್ತ್ರದ ಮೇಡಂ. ಅಂಕಿ ಸಂಖ್ಯೆಯವರೆಲ್ಲ ವರ್ಷಕ್ಕೊಮ್ಮೆ ಒಂದು ಕಡೆ ಸೇರಿ ಸಮ್ಮೇಳನ ಮಾಡುತ್ತಾರೆ. ಬೆಳಿಗ್ಗೆ ಉಪನ್ಯಾಸ, ಊಟವಾದ ಮೇಲೆ ದುಂಡು ಮೇಜಿನ ಚರ್ಚೆ. ಒಂದು ಮೇಜಿಗೆ ಹತ್ತು ಜನ, ಒಂದು ವಿಷಯ, ಚರ್ಚೆ ನಡೆಸುವವರು ಒಬ್ಬರು. ಆ ಒಬ್ಬರು ಅಂದರೆ ನಮ್ಮ ಅಕ್ಕ. ಮಾತಾಡುವವರನ್ನು ನಿಲ್ಲಿಸುವುದು, ಮಾತಾಡದವರನ್ನು ಮಾತಾಡಿಸುವುದು, ಇದೇ ಕೆಲಸ. ಊಟವಾದ ಮೇಲೆ ಹತ್ತು ಪ್ರೊಫೆಸರುಗಳನ್ನು ಎಚ್ಚರವಾಗಿ ಇಡುವುದೇನು ಸಾಮಾನ್ಯವೇ?

ನಾನು ಓದಿದ್ದು ಏಳನೇ ಕ್ಲಾಸು. ಅರಸೀಕೆರೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದೇನೆ. ಇಂಥವನು ಅಂಥವಳ ವಿಷಯ ಯಾಕೆ ಬರೆಯುತ್ತಾನೆ ಅಂತ ನೀವು ಕೇಳಬಹುದು. ಅವಳಿಗೆ ನಾನೊಂದು ಮೋಸ ಮಾಡಿದ್ದೆ. ಅದನ್ನು ಇಪ್ಪತ್ತು ವರ್ಷಕ್ಕೂ ಮೇಲೆ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ. ಮೊದಲು ನಕ್ಕುಬಿಡಿ, ಆಮೇಲೆ ಹೇಳುತ್ತೇನೆ.

ರಜೆಗೆ ಬಂದರೆ ಅಕ್ಕನಿಗೆ ನಮ್ಮ ಮನೆಯೇ ಸಮ್ಮೇಳನ. ದುಂಡು ಮೇಜು ಎಲ್ಲಿಂದ ತರುವುದು? ಅಂಗಡಿ ಮುಂದೆ ಬಿದ್ದಿದ್ದ ಹಳೇ ಟ್ರ್ಯಾಕ್ಟರ್ ಟೈರನ್ನು ಅಂಗಳಕ್ಕೆ ಉರುಳಿಸಿಕೊಂಡು ಬಂದಳು, ಮೇಲೆ ಹಲಗೆ ಹಾಸಿದಳು, ಮುಗಿಯಿತು! ಟೈಮ್ ನೋಡಲು ಅವಳ ಮೊಬೈಲು. ಎರಡು ನಿಮಿಷ ಆದ ತಕ್ಷಣ ಅದು ಕುಕ್ಕರಿನ ಹಾಗೆ ಕೂಗುತ್ತದೆ. ಕೂಗಿದಾಗಲೆಲ್ಲ ನನ್ನ ಹೆಂಡತಿ ಗ್ಯಾಸ್ ಆರಿಸಲು ಒಳಗೆ ಓಡುತ್ತಾಳೆ. ಹಾಗಾಗಿ ನಮ್ಮ ಮನೆಯ ಚರ್ಚೆಗಳಲ್ಲಿ ಅವಳ ಅಭಿಪ್ರಾಯ ಇದುವರೆಗೂ ದಾಖಲಾಗಿಲ್ಲ.

ನನ್ನ ಮಗಳನ್ನು ನೋಡಲು ಹಗರೆಯಿಂದ ಗಂಡಿನ ಕಡೆಯವರು ಬಂದಾಗ, ಬೇಡ ಬೇಡ ಅಂದರೂ ಕೇಳದೆ ಅವರನ್ನೂ ಟೈರಿನ ಸುತ್ತ ಕೂರಿಸಿದಳು. ಹುಡುಗನ ಅಪ್ಪ ತಮ್ಮ ವಂಶದ ಕಥೆ ಶುರು ಮಾಡಿ ಮುತ್ತಾತನ ಹತ್ತಿರ ಬರುವಷ್ಟರಲ್ಲಿ ಕುಕ್ಕರ್ ಕೂಗಿತು. ಮೂಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಹುಡುಗನ ಅಜ್ಜಿಯ ಸರದಿ ಬಂತು.

"ನಂದೇನವ್ವ, ನಾನೇನ್ ಹೇಳ್ಲಿ? ನನ್ನ ಮೊಮ್ಮಗ ಒಳ್ಳೇವ್ನು," ಅಂತ ಅಜ್ಜಿ ಮುಗಿಸಿದರು.

"ಅಜ್ಜಿ, ಇನ್ನೂ ಒಂದೂಮುಕ್ಕಾಲು ನಿಮಿಷ ಇದೆ," ಅಂದಳು ಅಕ್ಕ.

ಅಜ್ಜಿ ಸುತ್ತ ನೋಡಿದರು. "ಹಂಗಾದ್ರೆ ಹೇಳ್ತೀನಿ. ಅವ್ನು ಬೆಳಿಗ್ಗೆ ಏಳಲ್ಲ. ಅವರವ್ವ ಎಬ್ಬಿಸಾಕೆ ಬಿಡಲ್ಲ. ಇನ್ನು ನನ್ನ ಮಗ ಇದಾನಲ್ಲ..." ಕುಕ್ಕರ್ ಕೂಗುವವರೆಗೂ ಅಜ್ಜಿ ಮನೆಯವರನ್ನೆಲ್ಲ ಒಬ್ಬೊಬ್ಬರನ್ನಾಗಿ ಬಿಡಿಸಿಟ್ಟರು. ಸಂಬಂಧ ಮುರಿದು ಬಿತ್ತು ಅಂತ ನಾನು ತಲೆ ಮೇಲೆ ಕೈ ಇಟ್ಟುಕೊಂಡೆ. ಮಾರನೇ ದಿನ ಫೋನು: ಒಪ್ಪಿಗೆ! ಅಜ್ಜಿ ಹಠ ಹಿಡಿದಿದ್ದರಂತೆ, "ನನ್ನ ಮಾತು ಕೇಳ್ದೋರು ಅವ್ರೊಬ್ರೇ ಕಣ್ರಲಾ, ಅಲ್ಲೇ ಮಾಡಿ."

ಇನ್ನೊಂದು ಸಲ ನಮ್ಮನ್ನೆಲ್ಲ ಹಳೇಬೀಡಿಗೆ ಕರೆದುಕೊಂಡು ಹೋದಳು. ದೇವಸ್ಥಾನದ ಗೋಡೆಯ ಕೆಳಗೆ ಸಾಲಾನೆಗಳಿವೆಯಲ್ಲ, ಅವನ್ನು ಅಕ್ಕ ಏಳಕ್ಕೊಂದರಂತೆ ನೋಡುತ್ತಾ ಹೊರಟಳು.

"ಮೇಡಂ, ಒಂದಾನೆ ಇದ್ದಂಗೆ ಇನ್ನೊಂದಿಲ್ಲ, ಎಲ್ಲಾ ನೋಡಿ," ಅಂದ ಗೈಡು.

"ಎಲ್ಲಾ ನೋಡೋಕೆ ಟೈಮ್ ಎಲ್ಲಿದೆ? ಏಳಕ್ಕೊಂದು ಸರಿಯಾಗಿ ನೋಡಿದ್ರೆ ಪೂರ್ತಿ ಸಾಲಿನ ಗುಣ ಗೊತ್ತಾಗುತ್ತೆ."

ನನ್ನ ಹೆಂಡತಿ ಮುದ್ದಾದ ಒಂದು ಆನೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲು ಹೋದಳು. "ಅದು ಆರನೇದು, ಲೆಕ್ಕಕ್ಕಿಲ್ಲ, ಮುಂದೆ ಬಾ," ಅಂತ ಅಕ್ಕ ಕೈ ಹಿಡಿದು ಎಳೆದಳು. ನೂರಾರು ವರ್ಷದಿಂದ ನಿಂತ ಆನೆಗೆ ಅಂಥ ಅವಮಾನ ಯಾವ ದಂಡಯಾತ್ರೆಯಲ್ಲೂ ಆಗಿರಲಾರದು!

ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಏಳಕ್ಕೊಂದು ಅನ್ನುವುದು ನನ್ನ ಪಾಪದ ಸಂಖ್ಯೆ.

ಅಕ್ಕ ಡಾಕ್ಟರೇಟ್ ಮಾಡುತ್ತಿದ್ದ ಕಾಲ. ಮಾದಿಹಳ್ಳಿಯಲ್ಲಿ ಏಳು ಮನೆಗೊಂದರಂತೆ ಮೂವತ್ತೆರಡು ಮನೆಗೆ ಹೋಗಿ ಫಾರಂ ತುಂಬಬೇಕಿತ್ತು. ಮನೆಯಲ್ಲಿ ಯಾರ್‍ಯಾರಿದ್ದಾರೆ, ಯಾರು ಎಲ್ಲಿವರೆಗೆ ಓದಿದರು, ಯಾಕೆ ಬಿಟ್ಟರು, ಇಷ್ಟೇ. ಅವಳಿಗೆ ಜ್ವರ ಬಂದಿತ್ತು. "ನೀನು ಹೋಗಿ ಬಾರೋ, ನಿನ್ನ ನಂಬ್ತೀನಿ," ಅಂದಳು. ಬಸ್ಸಿಳಿದು ಮೊದಲನೇ ಮನೆಯ ಬಾಗಿಲಿಗೆ ಹೋದೆ. ಒಂದು ನಾಯಿ ಬಂತು. ನಾಯಿ ಅಂದರೆ ನಾಯಿಯಲ್ಲ, ಕರು! ಓಡಿಬಂದು ಬಸ್ ಸ್ಟಾಪಿನಲ್ಲಿ ಕೂತೆ. ಅಲ್ಲೇ ಕೂತು ಊಟದ ಹೊತ್ತಿಗೆ ಮೂವತ್ತೆರಡು ಮನೆ ಕಟ್ಟಿಬಿಟ್ಟೆ! ಅನುಮಾನ ಬರಬಾರದು ಅಂತ ಮೂರು ಬಣ್ಣದ ಪೆನ್ನು. ಒಂದು ಮನೆಗೆ ಕಿವಿ ಕೇಳದ ಚಿಕ್ಕಪ್ಪನನ್ನೂ ದಯಪಾಲಿಸಿದೆ.

ಅಕ್ಕನಿಗೆ ಡಾಕ್ಟರೇಟ್ ಬಂತು. ಅವಳ ಹೆಸರಿನ ಮುಂದೆ ಯಾರಾದರೂ ಡಾಕ್ಟರ್ ಅಂದಾಗಲೆಲ್ಲ ನನಗೆ ಆ ನಾಯಿ ಬೊಗಳಿದ ಹಾಗೆ ಕೇಳುತ್ತಿತ್ತು. ಹೇಳಿದರೆ ಅವಳ ಪದವಿ ಹೋಗುತ್ತದೆ, ಹೇಳದಿದ್ದರೆ ನನ್ನ ನಿದ್ದೆ ಹೋಗುತ್ತದೆ. ನಿದ್ದೆಯೇ ಹೋಗಲಿ ಅಂತ ಸುಮ್ಮನಿದ್ದೆ.

ಈ ವರ್ಷದ ಸಮ್ಮೇಳನ ಬೇಲೂರಿನ ಹತ್ತಿರ ಒಂದು ರೆಸಾರ್ಟಿನಲ್ಲಿ ನಡೆಯಿತು. ಬೋರ್ಡು, ಪೆಟ್ಟಿಗೆ ಹೊರಲು ಒಬ್ಬರು ಬೇಕು ಅಂತ ಅಕ್ಕ ನನ್ನನ್ನೂ ಕರೆದುಕೊಂಡು ಹೋದಳು. ಅವಳ ಮೇಜಿನ ಒಬ್ಬರು ಊಟ ಮುಗಿಸಿ ದೇವಸ್ಥಾನ ನೋಡಲು ಹೋಗಿಬಿಟ್ಟಿದ್ದರು.

"ಕುರ್ಚಿ ಖಾಲಿ ಇದ್ರೆ ಚರ್ಚೆ ಸೋರುತ್ತೆ. ಕೂತ್ಕೋ," ಅಂದಳು.

ಮೇಜಿನ ಮೇಲೆ ವಿಷಯ ಬರೆದಿಟ್ಟಿದ್ದರು. 'ಮನೆ ಮನೆಗೆ ಹೋಗಿ ತಂದ ಮಾಹಿತಿಯನ್ನು ಎಷ್ಟು ನಂಬಬಹುದು?'

ಬಾಗಿಲು ಎಷ್ಟು ದೂರ ಇದೆ ಅಂತ ನೋಡಿಕೊಂಡೆ.

ಮೊದಲನೇ ಪ್ರೊಫೆಸರ್ ವಂದನೆ ಹೇಳಲು ಶುರು ಮಾಡಿದರು. ವಂದನೆ ಇನ್ನೂ ನಡೆಯುತ್ತಿರುವಾಗಲೇ ಕುಕ್ಕರ್ ಕೂಗಿತು. ಕಾಫಿ ಕೊಡುತ್ತಿದ್ದ ಸಪ್ಲಯರ್ ಅಡುಗೆಮನೆಗೆ ಓಡಿದ. ಎರಡನೆಯವರು ಅರ್ಧ ಇಂಗ್ಲಿಷು, ಅರ್ಧ ಕನ್ನಡ, ಇನ್ನರ್ಧ ಅಂಕಿಯಲ್ಲಿ ಮಾತಾಡಿದರು. ಮೂರನೆಯವರು "ಇದರ ಬಗ್ಗೆ ಇನ್ನೂ ಆಳವಾದ ಅಧ್ಯಯನ ಆಗಬೇಕು" ಅಂದರು. ಉಳಿದವರು ಅದನ್ನು ಒಪ್ಪಿ ಬಿಸ್ಕತ್ತು ತಿಂದರು. ಮನೆ ಮನೆಗೆ ಹೋಗಿ ಬಂದವರು ಅಲ್ಲಿ ಒಬ್ಬರೂ ಇದ್ದಂತೆ ಕಾಣಲಿಲ್ಲ. ಹೋಗದೆ ಬಂದವನು ಮಾತ್ರ ಒಬ್ಬನಿದ್ದ.

"ಈಗ ನೀವು ಹೇಳಿ," ಅಂದಳು ಅಕ್ಕ. ನನಗೆ! ನೀವು!

"ನಾನು ಪಂಕ್ಚರ್ ಹಾಕೋನು ಮೇಡಂ..."

"ಗೊತ್ತಿರೋದನ್ನ ಹೇಳಿ."

"ಟ್ಯೂಬ್ ಎಲ್ಲಿ ತೂತಾಗಿದೆ ಅಂತ ನೀರಲ್ಲಿ ಅದ್ದಿ ನೋಡ್ಬೇಕು ಸಾರ್. ಆದ್ರೆ ಮೊಳೆ ಹೊಡೆದೋನೇ ಎದುರಿಗೆ ಕೂತಿದ್ರೆ ನೀರು ಯಾಕೆ?"

ಅಷ್ಟೇ, ಕಟ್ಟೆ ಒಡೆಯಿತು. ಮಾದಿಹಳ್ಳಿ, ನಾಯಿ, ಮೂರು ಪೆನ್ನು, ಚಿಕ್ಕಪ್ಪ, ಎಲ್ಲಾ ಹೇಳಿದೆ. ಅಕ್ಕನ ಮುಖ ನೋಡಲಿಲ್ಲ. ಈಗ ಕೂಗುತ್ತದೆ, ಈಗ ಕೂಗುತ್ತದೆ ಅಂತ ಕುಕ್ಕರಿಗೆ ಕಾದೆ. ಅದು ಕೂಗಲೇ ಇಲ್ಲ.

ಮೊದಲನೇ ಪ್ರೊಫೆಸರ್ ಪುಸ್ತಕ ತೆರೆದು, "ಪೆನ್ನಿನ ಬಣ್ಣ ಯಾವ್ಯಾವುದು ಅಂದ್ರಿ?" ಅಂತ ಬರೆದುಕೊಂಡರು. ಅಕ್ಕ "ಮುಂದಿನವರು" ಅಂದಳು.

ಸಂಜೆ ಅವಳ ಕಾರಿನಲ್ಲಿ ಅರಸೀಕೆರೆಗೆ ಹೊರಟೆವು. ಊರು ದಾಟಿದ ಮೇಲೆ ಕೇಳಿದೆ, "ಅಕ್ಕಾ, ನಿನ್ನ ಡಾಕ್ಟರೇಟ್ ಕಿತ್ಕೊಂಡ್‌ಬಿಡ್ತಾರಾ?"

"ಥೂ ಪೆದ್ದ. ಜ್ವರ ಬಿಟ್ಟ ವಾರವೇ ಆ ಮೂವತ್ತೆರಡು ಮನೆಗೂ ನಾನೇ ಹೋಗಿ ಬಂದೆ ಕಣೋ. ಆ ನಾಯಿ ನನ್ನನ್ನೂ ಓಡಿಸ್ತು."

"ನಿಂಗೆ ಗೊತ್ತಿತ್ತಾ! ಹೆಂಗೆ? ಪೆನ್ನಾ?"

ಅಕ್ಕ ಎದುರಿನ ಲಾರಿಗೆ ದಾರಿ ಬಿಟ್ಟಳು.

"ನೀನು ಬರೆದ ಮೂವತ್ತೆರಡು ಮನೇಲೂ ಒಬ್ಬ ತಮ್ಮ ಇದ್ದ. ಎಲ್ಲಾ ತಮ್ಮಂದಿರೂ ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟಿದ್ರು. ಯಾಕೆ ಬಿಟ್ಟ ಅನ್ನೋ ಜಾಗದಲ್ಲಿ ಮೂವತ್ತೆರಡು ಸಲಾನೂ ಒಂದೇ ಬರೆದಿದ್ದೆ. 'ಯಾರೂ ಅವನನ್ನ ಕೇಳಲಿಲ್ಲ' ಅಂತ."

ಹಾಗೆ ಬರೆದದ್ದು ನನಗೆ ನೆನಪೇ ಇರಲಿಲ್ಲ.

"ಇಬ್ಬರಲ್ಲಿ ಒಬ್ಬರನ್ನ ಮಾತ್ರ ಓದ್ಸೋಣ ಅಂತ ಅಪ್ಪ ಕೂತ ದಿನ ಅವ್ವ ಮಾತಾಡಿದ್ಲು, ಸೋದರಮಾವ ಮಾತಾಡಿದ್ರು, ಓದ್ತೀನಿ ಅಂತ ನಾನೂ ಅತ್ತುಬಿಟ್ಟೆ," ಅಂದಳು. "ನೀನು ಬಾಗಿಲ ಹತ್ರ ನಿಂತಿದ್ದೆ. ನಿನ್ನ ಸರದಿ ಬರಲೇ ಇಲ್ಲ ಕಣೋ."

"ಇಷ್ಟು ವರ್ಷ ನಂಗೆ ಹೇಳ್ಲಿಲ್ಲ ಯಾಕೆ ಮತ್ತೆ?"

"ಹೇಳಿದ್ರೆ ನೀನು ತಪ್ಪಾಯ್ತು ಅಂತಿದ್ದೆ. ಅನ್ನಬೇಕಾದೋಳು ನಾನು."

ಅಜ್ಜಿಯಂದಿರ ಬಾಯಿ ಬಿಡಿಸುವ ಈ ಹೆಂಗಸಿನ ಹುಚ್ಚು ಎಲ್ಲಿಂದ ಶುರುವಾಯಿತು ಅಂತ ನನಗೆ ಆಗ ಗೊತ್ತಾಯಿತು.

ಅವಳ ಮೊಬೈಲು ಮುಂದೆಯೇ ಇತ್ತು, ಆಫ್ ಆಗಿತ್ತು.

"ಹೇಳು," ಅಂದಳು. "ಓದಿದ್ರೆ ಏನಾಗ್ಬೇಕು ಅಂತಿದ್ದೆ?"

ನಾನು ಶುರು ಮಾಡಿದೆ. ಹಳೇಬೀಡು ಹಿಂದೆ ಸರಿಯಿತು. ಅರಸೀಕೆರೆಯ ದೀಪಗಳು ಕಾಣುವಾಗಲೂ ಇನ್ನೂ ನನ್ನದೇ ಸರದಿ ನಡೆದಿತ್ತು.