ಗುಂಡು ಹಾರಿಸುವ ಸಿದ್ದೇಶ್

ಇಯರ್‌ಫೋನಿನ ವಯರು ಮೊಬೈಲಿನಿಂದ ಕಳಚಿಕೊಂಡದ್ದೇ ಎಲ್ಲಕ್ಕೂ ಮೂಲ. ಮಂಡ್ಯದ 'ಶಿಂಷಾಧಾರೆ' ಪಂಪ್‌ಸೆಟ್ ಕಂಪನಿಯ ದೂರು ಕೌಂಟರಿನಲ್ಲಿ ಕೂರುವ ಸಿದ್ದೇಶ್, ಊಟದ ಬಿಡುವಿನಲ್ಲಿ ಎಂದಿನಂತೆ ವಿಡಿಯೋ ಗೇಮಿನ ಶತ್ರುಗಳನ್ನು ಸುಟ್ಟು ಉರುಳಿಸುತ್ತಿದ್ದ. ಢಂ ಢಂ ಸದ್ದು ಆಫೀಸು ತುಂಬಿತು. ಪಕ್ಕದ ಮೇಜಿನ ಯತೀಶ ಮೊಸರನ್ನದ ಡಬ್ಬಿ ಸಮೇತ ನೆಲಕ್ಕೆ ಬಗ್ಗಿದ.

ಇಂಥ ಆಟ ಆಡುವವರು ಬರಬರುತ್ತಾ ಕ್ರೂರಿಗಳಾಗುತ್ತಾರಂತೆ ಎಂದು ಯತೀಶ ಎಲ್ಲೋ ಓದಿದ್ದ. ಅದನ್ನು ಮ್ಯಾನೇಜರ್ ರಘುನಂದನ್ ಕಿವಿಗೂ ಹಾಕಿದ. ಸಿದ್ದೇಶ್ ಆಟ ನಿಲ್ಲಿಸಿ ಮೊಬೈಲನ್ನು ಡ್ರಾಯರಿಗೆ ತಳ್ಳಿದ. ಮಳವಳ್ಳಿಯಲ್ಲಿ ಹೆಂಡತಿ ಶೋಭಿತಾಗೆ ಎಂಟು ತಿಂಗಳು. ಅಲ್ಲಿನ ಶಾಖೆಗೆ ವರ್ಗ ಕೇಳಿ ಬರೆದ ಅರ್ಜಿ ಮ್ಯಾನೇಜರ ಮುಂದಿತ್ತು.

"ಸಂಜೆವರೆಗೂ ನಿನ್ ನಡತೆ ನೋಡ್ತೀನಿ ಸಿದ್ದೇಶ್. ಆಮೇಲೆ ಸೈನು," ಎಂದರು ರಘುನಂದನ್.

ಪರೀಕ್ಷೆಯನ್ನು ಯತೀಶ ತಾನೇ ಮೈಮೇಲೆ ಹಾಕಿಕೊಂಡ. ಟೀಗೆ ಉಪ್ಪು ಬೆರೆಸಿ ಕೊಟ್ಟ. ಸಿದ್ದೇಶ್ ಕುಡಿದು, ಗಂಟಲಿಗೆ ಒಳ್ಳೆಯದೆಂದ. ಯತೀಶ ದೂರಿನ ಪುಸ್ತಕದ ಮೇಲೆ ನೀರು ಚೆಲ್ಲಿದ. ಸಿದ್ದೇಶ್ ಕೂಸಿನ ಮೈ ಒರೆಸುವಂತೆ ಒಂದೊಂದೇ ಹಾಳೆ ಒರೆಸಿದ.

ನಾಲ್ಕಕ್ಕೆ ಕಿರುಗಾವಲಿನ ಮಲ್ಲಿಗಮ್ಮ, ಸುಟ್ಟ ಮೋಟಾರನ್ನು ಬಸ್‌ಸ್ಟ್ಯಾಂಡಿನ ಆಟೋದವನ ಕೈಲಿ ಹೊರಿಸಿಕೊಂಡು ಬಂದಳು. ಅವನು ಇಳಿಸಿದ್ದು ಸರಿಯಾಗಿ ಯತೀಶನ ಕಾಲ್ಬೆರಳ ತುದಿಗೆ. ಜೀವಮಾನದಲ್ಲಿ ಯಾವ ಗೇಮನ್ನೂ ಮುಟ್ಟದ ಯತೀಶ ಒಂಟಿಕಾಲಲ್ಲಿ ಕುಣಿಯುತ್ತಾ ಪೆನ್ನಿನ ಡಬ್ಬಿಯನ್ನು ಗೋಡೆಗೆ ಒಗೆದ.

ಮಲ್ಲಿಗಮ್ಮ ಅತ್ತ ತಿರುಗಿಯೂ ನೋಡದೆ, ಅರ್ಧ ಗಂಟೆ ಸಿದ್ದೇಶನ ವಂಶ ಜಾಲಾಡಿದಳು. ಅವನು ನೀರು ಕೊಟ್ಟ, ಫ್ಯಾನು ಅವಳತ್ತ ತಿರುಗಿಸಿದ, ವಾರಂಟಿ ಹುಡುಕಿ ಹೊಸ ಮೋಟಾರಿಗೆ ಚೀಟಿ ಬರೆದ.

"ಬಯ್ಯಕ್ಕೇ ಅಂತ ಬಸ್ಸತ್ತಿ ಬಂದಿದ್ದೆ ಕಣ್ಲಾ ಮಗ," ಎಂದಳು ಕಡೆಗೆ. "ನಿನ್ ಮಕ ನೋಡ್ತಿದ್ರೆ ಇನ್ನೊಂದು ಬೈಗ್ಳೂ ಗ್ಯಾಪ್ಕಕ್ಕೆ ಬರ್ನಿಲ್ಲ ಬುಡು."

ಬಾಗಿಲಲ್ಲಿ ನಿಂತು ಎಲ್ಲ ನೋಡಿದ ರಘುನಂದನ್ ಕಣ್ಣು ಒರೆಸಿಕೊಂಡರು. "ಎಂಥ ತಾಳ್ಮೆ ಕಣಯ್ಯ ನಿಂದು. ನಿನ್ನಂಥೋನ್ನ ಈ ಕೌಂಟರಿಂದ ಬಿಟ್ಕೊಡಕ್ಕೆ ನಂಗೇನು ಹುಚ್ಚಾ? ಮಳವಳ್ಳೀದು ಬರೀ ಗೋಡೌನು, ಬೈಯಕ್ಕೆ ಯಾರೂ ಬರಲ್ಲ. ಅಲ್ಲಿಗೆ ಈ ಸಿಡುಕ ಯತೀಶನ್ನ ಹಾಕ್ತೀನಿ."

ಸಿದ್ದೇಶನಿಗೆ ಮೊದಲ ಬಾರಿ ನೆತ್ತಿಗೆ ರಕ್ತ ಏರಿತು. ಕುರ್ಚಿಯನ್ನು ತಲೆಯ ಮೇಲಕ್ಕೆತ್ತಿದ.

"ನೋಡ್ರಯ್ಯ," ಎಂದರು ರಘುನಂದನ್, ಮೆಚ್ಚುಗೆಯಿಂದ. "ಇಷ್ಟು ದುಡಿದ್ಮೇಲೂ ಕಸ ಗುಡಿಸೋರಿಗೆ ಜಾಗ ಮಾಡ್ಕೊಡ್ತಿದಾನೆ."

ಸಿದ್ದೇಶ್ ಕುರ್ಚಿಯನ್ನು ಮೆಲ್ಲಗೆ ಮೇಜಿನ ಮೇಲೆ ಕವುಚಿಟ್ಟು, ಯತೀಶನ ಕುರ್ಚಿಗೂ ಕೈ ಹಾಕಿದ.