ಬಾವ ಮತ್ತು ಕಡೆಯ ದೋಣಿ

ಆಸ್ತಿಗಾಗಿ ಮಾತು ಬಿಟ್ಟವರನ್ನು ನೀವು ನೋಡಿರುತ್ತೀರಿ. ಬೇಲಿಗಾಗಿ, ಬಾವಿಗಾಗಿ, ಮದುವೆಗೆ ಸರಿಯಾಗಿ ಕರೆಯಲಿಲ್ಲ ಎಂಬ ಕಾರಣಕ್ಕಾಗಿ ಮಾತು ಬಿಟ್ಟವರಂತೂ ಸಿದ್ಧಕಟ್ಟೆಯಿಂದ ಬಂಟ್ವಾಳದವರೆಗೆ ಮನೆಗೊಬ್ಬರು ಸಿಗುತ್ತಾರೆ. ಆದರೆ ಹುಟ್ಟಿಯೇ ಇಲ್ಲದ ಒಬ್ಬಳು ಹುಡುಗಿಗಾಗಿ, ಮುಖವನ್ನೇ ನೋಡದ ಒಬ್ಬ ಗೆಳೆಯನೊಡನೆ ಮಾತು ಬಿಟ್ಟವರನ್ನು ಕಂಡಿದ್ದೀರಾ? ಇಲ್ಲವಾದರೆ ನಮ್ಮ ಬಾವನನ್ನು ನೋಡಬೇಕು. ನೋಡುವುದಕ್ಕೆ ಅವರು ಒಂದು ಕಡೆ ನಿಲ್ಲಬೇಕಲ್ಲ, ಅದೇ ಕಷ್ಟ!

ನಮ್ಮ ಕಡೆ ಹೆಂಡತಿಯ ಅಣ್ಣನನ್ನೂ ಬಾವ ಎನ್ನುತ್ತಾರೆ, ಈ ಬಾವ ಎಂದರೆ ನನ್ನ ಅಕ್ಕನ ಗಂಡ. ಮನೆ ಸಿದ್ಧಕಟ್ಟೆಯಲ್ಲಿ, ಹೋಟೆಲು ಮೂಡಬಿದಿರೆಯಲ್ಲಿ. ಗಲ್ಲಾಪೆಟ್ಟಿಗೆಯ ಹಿಂದೆ ಅವರಿಗೊಂದು ಕುರ್ಚಿ ಇದೆ, ಅದರಲ್ಲಿ ಬೆಕ್ಕು ಮಲಗುತ್ತದೆ. ಮದುವೆಯ ಮಂಟಪದಲ್ಲಿಯೂ ಪುರೋಹಿತರು ಅವರನ್ನು ಹೆಗಲು ಹಿಡಿದು ಕೂರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗಲ್ಫಿನಲ್ಲಿ ದುಡಿದು ಮರಳುವಾಗ ಉಳಿದವರು ಚಿನ್ನ ತಂದರೆ, ಕಂಬಳಿ ತಂದರೆ, ಬಾವ ತಂದದ್ದು ಒಂದು ವಿಡಿಯೋ ಗೇಮಿನ ಪೆಟ್ಟಿಗೆ. ಅದನ್ನೂ ನಿಂತೇ ಆಡುತ್ತಾರೆ. ಟೀವಿಯೊಳಗಿನ ಸೈನಿಕ ಎಡಕ್ಕೆ ಓಡಿದರೆ ಬಾವನೂ ಎಡಕ್ಕೆ ಓಡುತ್ತಾರೆ. ಹಾಗಾಗಿ ಅಕ್ಕ ಟೀಪಾಯಿಯನ್ನು ಅಡುಗೆಮನೆಗೆ ಸಾಗಿಸಿದ್ದಾಳೆ.

ಆ ಆಟದಲ್ಲಿ ಬಾವ ಕಾಲು ಮುರಿದ ಮುದಿ ಸೈನಿಕ. ಜೊತೆಗೊಬ್ಬಳು ಹುಡುಗಿ. ಅವಳು ಸೈನಿಕನಿಗೆ ದಾರಿಯಿಡೀ ಹೆಗಲು ಕೊಡುತ್ತಾಳೆ, ಹಣ್ಣು ಹುಡುಕಿ ತರುತ್ತಾಳೆ, ತಲೆಹರಟೆ ಮಾತಾಡುತ್ತಾಳೆ. ಊರುಗಳೆಲ್ಲ ಸುಟ್ಟುಹೋಗಿವೆ. ಕೊನೆಗೊಂದು ನದಿ, ಅಲ್ಲಿ ಕಡೆಯ ದೋಣಿ, ಅದರಲ್ಲಿ ಒಬ್ಬರಿಗೆ ಮಾತ್ರ ಜಾಗ. ಒಂದು ಗುಂಡಿ ಒತ್ತಿದರೆ ಸೈನಿಕ ಅವಳ ಕೈ ಬಿಡುತ್ತಾನೆ, ಅವಳು ದೋಣಿ ಹತ್ತಿ ಬದುಕಿಕೊಳ್ಳುತ್ತಾಳೆ, ಇವನು ದಡದಲ್ಲಿ ಒಂಟಿ. ಇನ್ನೊಂದು ಒತ್ತಿದರೆ ಕೈ ಬಿಡುವುದಿಲ್ಲ. ದೋಣಿ ಹೋಗಿಬಿಡುತ್ತದೆ, ಇಬ್ಬರೂ ಆ ಪಾಳುಬಿದ್ದ ದಡದಲ್ಲಿ ಉಳಿಯುತ್ತಾರೆ. ಎರಡರಲ್ಲಿ ಯಾವುದು ಸರಿ ಎಂದು ಪ್ರಪಂಚದ ಮೂಲೆಮೂಲೆಯ ಅಭಿಮಾನಿಗಳು ಜಗಳವಾಡುತ್ತಿದ್ದಾರಂತೆ. ಮೂಡಬಿದಿರೆಯಲ್ಲಿ ಆ ಜಗಳವನ್ನು ಬಾವ ಒಬ್ಬರೇ ನಿಭಾಯಿಸುತ್ತಿದ್ದರು.

ಬಾವ ಕೈ ಹಿಡಿಯುವ ಪಕ್ಷ. ಬನ್ಸ್ ತಿನ್ನಲು ಬಂದ ಗಿರಾಕಿಯ ಮುಂದೆ ನಿಂತು ಕೇಳುತ್ತಿದ್ದರು, "ನಿಮಗೆ ಕಾಲು ಮುರಿದುಂಟು ಅಂತ ಇಟ್ಟುಕೊಳ್ಳಿ. ಇಷ್ಟು ದೂರ ನಿಮ್ಮನ್ನು ಹೊತ್ತು ತಂದವಳನ್ನು ಒಬ್ಬಳನ್ನೇ ಕಳಿಸ್ತೀರಾ?"

ಗಿರಾಕಿ ತನ್ನ ಕಾಲನ್ನು ಬೆಂಚಿನ ಅಡಿಗೆ ಎಳೆದುಕೊಂಡು ಹೇಳಿದ, "ಯಜಮಾನ್ರೇ, ನನಗೆ ಪಾರ್ಸೆಲ್ ಕೊಟ್ಟರೆ ಸಾಕು."

ಅಕ್ಕನ ತೀರ್ಪು ಇನ್ನೂ ಚುಟುಕು. "ಮೊದಲು ನನ್ನನ್ನು ಸಂತೆಯಿಂದ ಕರ್ಕೊಂಡು ಬನ್ನಿ. ನದಿ ದಾಟಿಸುವುದು ಆಮೇಲೆ ನೋಡುವ."

ನಾನು ಬಂಟ್ವಾಳದ ಶಾಲೆಯೊಂದರಲ್ಲಿ ಗಣಿತ ಹೇಳುವವನು. ಎರಡು ಉತ್ತರವಿರುವ ಲೆಕ್ಕಗಳೂ ಇರುತ್ತವೆ ಬಾವ ಎಂದು ಒಮ್ಮೆ ಬಾಯಿ ತಪ್ಪಿ ಹೇಳಿದ್ದಕ್ಕೆ, ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮನೆಯವರೆಗೂ ಬೈದರು. ಅಂಥ ಉತ್ತರ ಹೇಳಿಕೊಡುವುದರಿಂದಲೇ ಮಕ್ಕಳು ಹಾಳಾಗುತ್ತಿದ್ದಾರಂತೆ.

ಇಂಥವರಿಗೆ ಸರಿಜೋಡಿಯಾಗಿ ಸಿಕ್ಕಿದ್ದವನು ನೆರಿಯದವ. ಆಟವಾಡುವವರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮಾತಾಡುವ ಒಂದು ಗುಂಪಿದೆ. ಅಲ್ಲಿ ತುಳು ಕೇಳಿಸಿತೆಂದು ಇಬ್ಬರಿಗೂ ಪರಿಚಯ. ಹೆಸರು ಹಿಡಿದು ಕರೆದವರಲ್ಲ, ಒಬ್ಬರು ಸಿದ್ಧಕಟ್ಟೆ, ಇನ್ನೊಬ್ಬರು ನೆರಿಯ. ಹೋಟೆಲಿನಲ್ಲಿ ಊಟದ ಗಲಾಟೆ ಮುಗಿದು ಚಹಾದ ಗಲಾಟೆ ಶುರುವಾಗುವ ತನಕ ವಾದವೋ ವಾದ. ನೆರಿಯದವ ಕೈ ಬಿಡುವ ಪಕ್ಷ. ಅವನನ್ನು ಸೋಲಿಸಲಾಗದೆ ಬಾವ ಎಷ್ಟು ಖುಷಿಯಾಗಿದ್ದರೆಂದರೆ, ಅಕ್ಕ ಕೇಳದೆಯೇ ಅವಳಿಗೆ ಸೀರೆ ತಂದಿದ್ದರು.

ಒಂದು ದಿನ ಆ ವಾದ ಹದ ಮೀರಿತು. ನೆರಿಯದವ ತನ್ನ ಕಥೆ ಹೇಳಿದ. ಹಲಸಿನ ಮರದಿಂದ ಬಿದ್ದು ಅವನಿಗೆ ಸೊಂಟದ ಕೆಳಗೆ ಬಲವಿಲ್ಲ. ತಂದೆ ತಾಯಿ ಇಲ್ಲ. ನೋಡಿಕೊಳ್ಳುವವಳು ತಂಗಿ. ಪುತ್ತಿಗೆಯ ಒಳ್ಳೆಯ ಮನೆಯಿಂದ ಅವಳನ್ನು ಕೇಳಿಕೊಂಡು ಬಂದಿದ್ದರು. ಅವಳು ಒಪ್ಪಲಿಲ್ಲ. "ಕೈ ಹಿಡಿದುಕೊಂಡು ಕೂರುವುದು ಎಂತ ಅಂತ ನನಗೆ ಗೊತ್ತುಂಟು ಸಿದ್ಧಕಟ್ಟೆಯವರೇ. ನಿಮಗೆ ಗೊತ್ತಿಲ್ಲ" ಎಂದನಂತೆ.

ಇಂಥ ಮಾತಿಗೆ ಮನುಷ್ಯರಾದವರು ಸುಮ್ಮನಿರಬೇಕು. ವಾದದ ಬಿಸಿಯಲ್ಲಿದ್ದ ನಮ್ಮ ಬಾವ, "ಹಾಗಾದ್ರೆ ತಂಗಿಯನ್ನು ಮನೆಯಿಂದ ಹೊರಗೆ ಹಾಕ್ಲಿಕ್ಕೆ ನೋಡ್ತಿದ್ದೀರಿ ಅಂತಾಯ್ತು" ಎಂದುಬಿಟ್ಟರು. ಆ ಕಡೆ ಸಂಪರ್ಕ ಕಡಿಯಿತು. ಮರುದಿನವೂ ನೆರಿಯದವ ಬರಲಿಲ್ಲ. ಬಾವ ಹತ್ತಾರು ಸಲ ಕರೆ ಮಾಡಿದರು, ಅವನು ತೆಗೆಯಲಿಲ್ಲ. ಆಮೇಲೆ ಹಟಕ್ಕೆ ಬಿದ್ದು ಇವರೂ ಬಿಟ್ಟರು.

ಬಿಟ್ಟರು ಎಂದದ್ದು ಬಾಯಿಮಾತಿಗೆ. ಸಾಂಬಾರಿಗೆ ಎರಡೆರಡು ಸಲ ಉಪ್ಪು ಬಿತ್ತು. ಪಲ್ಯದ ಬಾಣಲೆ ಹಿಡಿದುಕೊಂಡು ಬೀದಿಯವರೆಗೆ ಹೋಗಿ ಬಂದರು. ಮೊದಲೇ ನಿಲ್ಲದ ಕಾಲು, ಈಗ ಚಕ್ರ ಕಟ್ಟಿದ ಹಾಗಾಯಿತು. ಒಂದು ಭಾನುವಾರ ಬೆಳಿಗ್ಗೆ ಬಂಟ್ವಾಳಕ್ಕೆ ಬಂದು ನನ್ನ ಮನೆಯ ಅಂಗಳದಲ್ಲಿ ಕಾರಿನ ಹಾರ್ನ್ ಹಾಕಿದರು.

"ಹೊರಡು ಮಾರಾಯ, ನೆರಿಯಕ್ಕೆ ಹೋಗುವ."

"ತಪ್ಪಾಯ್ತು ಅಂತ ಹೇಳ್ಲಿಕ್ಕಾ?"

"ತಪ್ಪು ಎಂತದ್ದು? ವಾದ ಅರ್ಧದಲ್ಲಿ ನಿಂತಿದೆಯಲ್ಲ, ಮುಗಿಸ್ಲಿಕ್ಕೆ."

ದಾರಿಯಿಡೀ ಬಾವ ಎರಡೂ ಪಕ್ಷದ ಮಾತನ್ನು ತಾವೇ ಆಡಿದರು. ಗುರುವಾಯನಕೆರೆಯಲ್ಲಿ ಚಹಾ, ಬೆಳ್ತಂಗಡಿಯಲ್ಲಿ ಚಹಾ, ಉಜಿರೆಯಲ್ಲಿ ಮತ್ತೆ ಚಹಾ. ಒಂದೊಂದು ಅಂಗಡಿಯಲ್ಲೂ ಕಾರಿಳಿದು ಕೈಬೀಸಿ ನೆರಿಯದವನನ್ನು ಸೋಲಿಸುವುದು, ಮುಂದಿನ ಊರಿಗೆ ಬರುವಷ್ಟರಲ್ಲಿ ತಾವೇ ಸೋತು ಮಂಕಾಗುವುದು. ಮರದಿಂದ ಬಿದ್ದವನ ಮನೆ ಎಂದು ಕೇಳುತ್ತಾ ಹೋಗಿ ಬೆಟ್ಟದ ಬುಡದ ಆ ಮನೆ ಸಿಕ್ಕಿದಾಗ ಮಧ್ಯಾಹ್ನ. ಅಂಗಳದ ಹಗ್ಗದಲ್ಲಿ ರಬ್ಬರ್ ಶೀಟುಗಳು ಒಣಗುತ್ತಿದ್ದವು.

ತಂಗಿ ನಮ್ಮನ್ನು ಒಳಗೆ ಕರೆದು ಬೆಲ್ಲ ನೀರು ಕೊಟ್ಟಳು. ಮೂವತ್ತರ ಆಸುಪಾಸಿನ ಹೆಂಗಸು, ತೋಳಿನಲ್ಲಿ ಬಲ, ಮಾತು ಕಡಿಮೆ. ಅಣ್ಣ ಹಾಸಿಗೆಯಲ್ಲಿ ದಿಂಬಿಗೆ ಒರಗಿದ್ದ, ಪಕ್ಕದಲ್ಲಿ ಕಂಪ್ಯೂಟರ್. ಗೋಡೆ ನೋಡುತ್ತಾ ಕೇಳಿದ, "ಬಂದದ್ದು ಎಂತ?"

ಬಾವ ಚಡಪಡಿಸಿದರು. ಕಿಟಕಿಯವರೆಗೆ ನಡೆದರು, ಬಾಗಿಲಿನವರೆಗೆ ನಡೆದರು. ಕೊನೆಗೆ, "ನಾನು ಹಾಗೆ ಹೇಳಬಾರದಿತ್ತು. ಅಷ್ಟಾದ್ರೂ ಕೈ ಬಿಡುವುದು ತಪ್ಪೇ" ಎಂದರು.

ಅಷ್ಟೇ ಸಾಕಾಯಿತು. "ತಪ್ಪು ಹೇಗೆ ಆಗ್ತದೆ?" ಎಂದು ಅವನು ಎದೆ ನಿಮಿರಿಸಿದ. ಇಬ್ಬರೂ ಮತ್ತೆ ನದಿಯ ದಡಕ್ಕೆ ಹೋದರು. ಅವಳು ಬದುಕಬೇಕು ಎಂದು ಇವನು, ಒಬ್ಬಳೇ ಬದುಕಿ ಏನು ಸುಖ ಎಂದು ಬಾವ. ಇಬ್ಬರ ಮುಖದಲ್ಲೂ ಕಳೆ ಬಂತು. ಅನ್ನ ಬಡಿಸಲು ತಟ್ಟೆ ಹಿಡಿದುಕೊಂಡು ಬಂದ ತಂಗಿ ಬಾಗಿಲಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದಳು.

"ಒಂದು ಕೇಳ್ಬಹುದಾ?" ಎಂದಳು. "ಆ ಹುಡುಗಿ ಎಂತ ಹೇಳ್ತಾಳೆ?"

"ಅವಳಿಗೆ ಅಲ್ಲಿ ಮಾತಿಲ್ಲ" ಎಂದರು ಬಾವ.

"ಅವಳ ಹತ್ತಿರ ಕೇಳ್ಲಿಕ್ಕೆ ಆಗುವುದಿಲ್ಲವಾ?"

"ಅದಕ್ಕೆ ಗುಂಡಿ ಇಲ್ಲ" ಎಂದ ಅಣ್ಣ.

"ಮತ್ತೆ ಇಷ್ಟು ದಿನ ನೀವಿಬ್ಬರು ಜಗಳ ಮಾಡಿದ್ದು ಯಾರ ವಿಷಯಕ್ಕೆ?"

ಬಾವ ಕೂತರು. ನನ್ನಾಣೆ, ಹಾಸಿಗೆಯ ಅಂಚಿನಲ್ಲಿ, ಯಾರೂ ಹೇಳದೆ, ಕೂತುಬಿಟ್ಟರು. ಅಣ್ಣನಿಗೆ ಬಹಳ ಮೆತ್ತಗೆ ಹೇಳಿದರು, "ಆಟದಲ್ಲಿ ಗುಂಡಿ ಇಲ್ಲ. ಇಲ್ಲಿ ಗುಂಡಿ ಬೇಡ ಮಾರಾಯ್ರೆ. ನೀವು ಕೇಳಿ."

ಅಣ್ಣ ತಂಗಿಯ ಕಡೆ ತಿರುಗಿದ. "ಪುತ್ತಿಗೆಯವರನ್ನು ಬೇಡ ಅಂದದ್ದು ನನ್ನಿಂದಾಗಿ ಅಲ್ವಾ?" ಎಂದ.

"ಅವರನ್ನು ಬೇಡ ಅಂತ ನಾನೆಲ್ಲಿ ಹೇಳಿದೆ?" ಎಂದಳು ತಂಗಿ. "ಅಲ್ಲಿಗೆ ಬರುವುದಿಲ್ಲ ಅಂತ ಹೇಳಿದ್ದು. ಅಷ್ಟಕ್ಕೇ ಅವರು ಎದ್ದು ಹೋದರು, ನೀನು ಗೋಡೆಗೆ ಮುಖ ಹಾಕಿದೆ. ನಮ್ಮಲ್ಲಿ ಮನೆ ಹೆಂಗಸರ ಕಡೆಯಿಂದ ಅಲ್ವಾ ಬಂದದ್ದು? ಅಜ್ಜಿ ಎಲ್ಲಿಗೆ ಹೋದದ್ದು? ಅಜ್ಜನೇ ಇಲ್ಲಿಗೆ ಬಂದು ನಿಂತದ್ದು. ಅವರಿಗೆ ಮನಸ್ಸಿದ್ದರೆ ಅವರೂ ಬರಲಿ. ನಾನು ಈ ಮನೆ ಬಿಡುವುದಿಲ್ಲ. ಅದು ನಿನಗೋಸ್ಕರ ಅಲ್ಲ ಅಣ್ಣ. ಇದು ನನ್ನ ಮನೆ."

ಅಣ್ಣ ಅಳತೊಡಗಿದ. "ನಾನು ಹೋಗು ಹೋಗು ಅಂತಲೇ ಹೇಳಿದ್ದು. ಒಮ್ಮೆಯೂ ಕೇಳಲಿಲ್ಲ" ಎಂದ. ಅವಳು ತಟ್ಟೆ ಕೆಳಗಿಟ್ಟು ಸೆರಗಿನಿಂದ ಅವನ ಮುಖ ಒರೆಸಿ, "ಅನ್ನ ತಣ್ಣಗಾಗ್ತದೆ" ಎಂದು ಒಳಗೆ ಹೋದಳು. ಹುಟ್ಟುವಾಗಲೇ ನಮಗೆಲ್ಲ ಗೊತ್ತಿರುವ ಊರ ರೀತಿ ಅದು, ಅಮ್ಮನಿಂದ ಮಗಳಿಗೆ ಬರುವ ಮನೆ. ಇಡೀ ಲೋಕದ ವಾದ ಮಾಡಿದ ನಮ್ಮ ಬಾವನಿಗಾಗಲಿ, ಗಣಿತದ ನನಗಾಗಲಿ ಅದು ಹೊಳೆದಿರಲಿಲ್ಲ. ನನಗೆ ನಾಚಿಕೆಯಾಯಿತು.

ಊಟ ಮುಗಿಸಿ ಹೊರಟೆವು. ಉಜಿರೆಯಲ್ಲಿ ಚಹಾ ಇಲ್ಲ, ಬೆಳ್ತಂಗಡಿಯಲ್ಲೂ ಇಲ್ಲ. ಸಿದ್ಧಕಟ್ಟೆ ಬಂದರೂ ಕಾರು ನಿಲ್ಲಲಿಲ್ಲ.

"ಎಲ್ಲಿಗೆ ಬಾವ?"

"ಪುತ್ತಿಗೆಗೆ. ಆ ಹುಡುಗನ ಹತ್ತಿರವಾದರೂ ಯಾರು ಕೇಳಿದ್ದಾರೆ?"

ಮನೆಯ ಗುರುತನ್ನು ಬಾವ ನೆರಿಯದಲ್ಲೇ ಕೇಳಿಟ್ಟುಕೊಂಡಿದ್ದರು. ಹುಡುಗ ಅಂಗಳದಲ್ಲಿ ಬೈಕು ತೊಳೆಯುತ್ತಿದ್ದ. ಬಾವ ಗುರುತು ಪರಿಚಯ ಹೇಳಿ, ಹಿಂದುಮುಂದು ನೋಡದೆ, ನೆರಿಯದ ಮನೆಗೆ ಬಂದು ನಿಲ್ಲುತ್ತೀರಾ ಎಂದು ಕೇಳಿಯೇಬಿಟ್ಟರು. ಅವನು ಜಗುಲಿಯಲ್ಲಿದ್ದ ತಾಯಿಯ ಕಡೆ ನೋಡಿದ. ತಾಯಿ ಮಗನನ್ನೇ ನೋಡಿದರು.

"ನನಗೆ ಆಗಬಹುದು" ಎಂದ ಹುಡುಗ, ಒದ್ದೆ ಕೈಯನ್ನು ಲುಂಗಿಗೆ ಒರೆಸುತ್ತಾ. "ಆದ್ರೆ ಆ ದಿನ ಅವರ ಅಣ್ಣ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಆ ಅಣ್ಣನಿಗೆ ನಾನು ಆಗ್ತೇನಾ? ಮೊದಲು ಅದನ್ನು ಕೇಳಿ."

ಬಾವ ಜೇಬಿಗೆ ಕೈ ಹಾಕಿದರು. ಮೊಬೈಲಿನಲ್ಲಿ ನೆರಿಯಕ್ಕೆ ಕರೆ ಮಾಡಿ, ಅದು ರಿಂಗಾಗುವಾಗಲೇ ಹುಡುಗನ ಕೈಗೆ ಕೊಟ್ಟು, ಮುಖ ಆ ಕಡೆ ತಿರುಗಿಸಿ ನಿಂತರು. ಆ ಕಡೆ ಯಾರೋ ಎತ್ತಿದರು. ಹುಡುಗ ಫೋನನ್ನು ಕಿವಿಗೆ ಒತ್ತಿಕೊಂಡ.

"ಬಾವ," ಎಂದ, "ನಾನು ಪುತ್ತಿಗೆಯಿಂದ ಮಾತಾಡುವುದು."